ಏಳನೆಯ ಮದುವೆಯ ಕ್ಯಾಸೆಟ್

ಮೊನ್ನೆ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯ ಮಿಕ್ಸಿ ಕೈಕೊಟ್ಟಿತು. ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತಿದ್ದೆ. ಅಂಗಡಿಯವನು ಅದರ ಹೊಟ್ಟೆ ಬಿಚ್ಚಿ, ಸೋಲ್ಡರಿಂಗ್ ಐರನ್ ಕಾಯಿಸಿ, ತುದಿಯನ್ನು ರಾಳದ ಡಬ್ಬಿಗೆ ಒತ್ತಿದ. ಚುಸ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಅಲ್ಲಿ ಕೂರಲು ಆಗಲಿಲ್ಲ. "ಸಂಜೆ ಬರ್ತೀನಿ ಮಾರಾಯ" ಎಂದು ಎದ್ದು ಬಂದುಬಿಟ್ಟೆ. ಮಿಕ್ಸಿ ಇನ್ನೂ ಅಲ್ಲೇ ಇದೆ. ಮನೆಯವಳು ದಿನಕ್ಕೆರಡು ಸಲ ಕೇಳುತ್ತಾಳೆ, ನಾನು ಏನೋ ಒಂದು ನೆಪ ಹೇಳುತ್ತೇನೆ. ನೆಪ ಹೇಳುವುದರಲ್ಲಿ ನಾನು ಹಳೆಯ ಪಳಗಿದ ಕೈ.

ಅದು ಮೈಕ್‌ಸೆಟ್ ಮಾಮನ ಅಂಗಡಿಯ ವಾಸನೆ...

ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿಯಿತ್ತು. ಹೊರಗೆ ತಗಡಿನ ಹಾರ್ನ್‌ಗಳು ಸಾಲಾಗಿ ನೇತಾಡುತ್ತಿದ್ದವು. ಒಳಗೆ ಸ್ಪೀಕರ್ ಬಾಕ್ಸುಗಳು, ವೈರಿನ ಸುರುಳಿಗಳು, ಅವುಗಳ ಮಧ್ಯೆ ಬನಿಯನ್ನಿನಲ್ಲಿ ಕೂತು ಆಂಪ್ಲಿಫೈಯರ್ ಬಿಚ್ಚಿಕೊಂಡಿರುವ ಮಾಮ. ಅವರ ಅಪ್ಪನ ಕಾಲದಲ್ಲಿ ತಮಿಳು ಸೀಮೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದ ಕುಟುಂಬ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಮಾತ್ರ ತೆಲುಗು. ಸುತ್ತಮುತ್ತ ಯಾವ ಮದುವೆಯಾದರೂ ಅವರದೇ ಮೈಕು. ಊರಿಗೆಲ್ಲ ಮಾಮನಾದ್ದರಿಂದ ನಮಗೂ ಮಾಮನಾದರು. ನನ್ನನ್ನು ಅವರು ಕರೆಯುತ್ತಿದ್ದುದು 'ತಂಬಿ' ಎಂದು, ತಮಿಳಿನಲ್ಲಿ ತಮ್ಮ.

ನನಗಾಗ ಇಪ್ಪತ್ತೆರಡು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಮನೆ. ಗೆಳೆಯನೊಬ್ಬ ಗಿಟಾರು, ಇನ್ನೊಬ್ಬ ಡ್ರಮ್ಮು, ನಾನು ಬೇಸ್ ಗಿಟಾರು. ಪಕ್ಕದ ಬೀದಿಯ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ನಮ್ಮ ಅಭ್ಯಾಸ. ಗಿರಣಿಯ ಸದ್ದಿನಲ್ಲಿ ನಮ್ಮ ಸದ್ದು ಮುಚ್ಚಿಹೋಗುತ್ತದೆಂದು ಗಿರಣಿಯವರು ಸುಮ್ಮನಿದ್ದರು. ಬ್ಯಾಂಡ್ ಎಂದರೆ ಆಗಿನ ಶಿವಮೊಗ್ಗದಲ್ಲಿ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್, ಇಲ್ಲದಿದ್ದರೆ ಸಿನಿಮಾ ಹಾಡಿನ ಆರ್ಕೆಸ್ಟ್ರಾ. ನಾವು ಎರಡೂ ಅಲ್ಲ. ಗಿಟಾರಿನವನ ಸೋದರಮಾವ ಎಲ್ಲಿಂದಲೋ ಕಾಪಿ ಮಾಡಿಸಿ ತಂದ ಹೆಸರಿಲ್ಲದ ನಾಲ್ಕು ಇಂಗ್ಲಿಷ್ ಕ್ಯಾಸೆಟ್ಟುಗಳೇ ನಮ್ಮ ಗುರುಗಳು. ಅವುಗಳಲ್ಲಿ ಗಿಟಾರು ತಗಡು ಗೀರಿದಂತೆ ಕೇಳಿಸುತ್ತಿತ್ತು. ಬೇಸು ಮುಂದೆ ನಿಂತು ಇಡೀ ಹಾಡನ್ನು ಎಳೆಯುತ್ತಿತ್ತು. ಹಾಡುವವನು ಯಾರ ಜೊತೆಗೋ ಜಗಳವಾಡಿ ಸೋತು ಬಂದವನಂತೆ ಹಾಡುತ್ತಿದ್ದ. ಅದಕ್ಕೆ ಪೋಸ್ಟ್ ಪಂಕ್ ಎಂದು ಹೆಸರಿದೆಯೆಂದು ನನಗೆ ಗೊತ್ತಾದದ್ದು ನಮ್ಮ ತಂಡ ಸತ್ತು ಎಷ್ಟೋ ವರ್ಷಗಳಾದ ಮೇಲೆ. ನಮಗೆ ಗೊತ್ತಿದ್ದುದು ಇಷ್ಟೇ: ನಮ್ಮ ಹೊಟ್ಟೆಯೊಳಗಿನ ಅಸಹನೆ ಹೀಗೇ ಕೇಳಿಸಬೇಕು.

ನಮ್ಮಂಥ ತಂಡಗಳು ಶಿವಮೊಗ್ಗ ಭದ್ರಾವತಿ ಸೇರಿ ಇನ್ನೂ ಮೂರಿದ್ದವು. ಯಾರಿಗೂ ನುಡಿಸಲು ಜಾಗವಿರಲಿಲ್ಲ. ಕಾಲೇಜಿನವರು ಒಂದು ಸಲ ಕರೆದು ಎರಡನೇ ಹಾಡಿಗೇ ಕರೆಂಟು ತೆಗೆಸಿದ್ದರು. ಜಾಗ ಕೊಟ್ಟದ್ದು ಮಾಮ. ಹೇಗೆಂದರೆ, ಮುಹೂರ್ತದ ಊಟದ ಕೊನೆಯ ಪಂಕ್ತಿ ಎದ್ದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ, ಛತ್ರ ಖಾಲಿಯಾಗುತ್ತದೆ. ಮೈಕ್‌ಸೆಟ್ ಬಿಚ್ಚಿ ಗಾಡಿಗೆ ಹೇರುವುದು ಬಿಸಿಲು ಇಳಿದ ಮೇಲೆ. ಮಧ್ಯದ ಆ ಒಂದೂವರೆ ಗಂಟೆಯನ್ನು ಮಾಮ ನಮಗೆ ಬಿಟ್ಟುಕೊಟ್ಟರು. ಶಿವಮೊಗ್ಗ ಜಿಲ್ಲೆಯ ಪೋಸ್ಟ್ ಪಂಕ್ ಎಂಬುದು ಏನಾದರೂ ಇದ್ದಿದ್ದರೆ ಅದು ಇದ್ದದ್ದು ಮದುವೆ ಛತ್ರಗಳಲ್ಲಿ, ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ. ಕೇಳುಗರು ಯಾರೆಂದರೆ ಪಾತ್ರೆ ತೊಳೆಯುವವರು, ತಾಂಬೂಲ ಹಾಕಿಕೊಂಡು ಕುರ್ಚಿಯಲ್ಲೇ ನಿದ್ದೆಹೋದ ಹಿರಿಯರು, ಉಳಿದ ಮೂರು ತಂಡಗಳ ಹುಡುಗರು. ಒಮ್ಮೆ ಒಬ್ಬ ಅಜ್ಜಿ ಎಚ್ಚರಗೊಂಡು, "ಏನ್ರೋ ಹೊಟ್ಟೆನೋವು ಬಂದೋರ ಥರ ಕಿರುಚ್ತೀರಾ? ಓಂಕಾಳು ತಿನ್ರೋ" ಎಂದು ಬೈದಿದ್ದರು. ನಮ್ಮ ಬಗ್ಗೆ ಬಂದ ವಿಮರ್ಶೆ ಅದೊಂದೇ.

ಮಾಮನಿಗೆ ಒಬ್ಬಳೇ ಮಗಳು. ನಮಗಿಂತ ಎರಡು ವರ್ಷ ಚಿಕ್ಕವಳು. ಮದುವೆಗಳಲ್ಲಿ ಮೈಕಿನ ಮುಂದೆ ನಿಂತು ಅನೌನ್ಸ್ ಮಾಡುವುದು ಅವಳ ಕೆಲಸ. "ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕಾಗಿ ವಿನಂತಿ", "ಕೆಂಪು ಅಂಗಿ ತೊಟ್ಟ ಮಗು ವೇದಿಕೆ ಹತ್ತಿರ ಅಳ್ತಾ ಇದೆ", ಇಂಥವು. ನಮ್ಮಲ್ಲಿ ಹಾಡಲು ಬರುವವರು ಯಾರೂ ಇರಲಿಲ್ಲ, ನಾನೇ ಅರಚುತ್ತಿದ್ದೆ. ಒಂದು ಮಧ್ಯಾಹ್ನ ನನಗೆ ಗಂಟಲು ಕಟ್ಟಿತ್ತು. ನಾನು ಬರೆದಿದ್ದ ಚೀಟಿಯನ್ನು ಅವಳು ಕಿತ್ತುಕೊಂಡು, ಅನೌನ್ಸ್ ಮಾಡುವ ಹಾಗೆಯೇ, ಯಾವ ರಾಗವೂ ಇಲ್ಲದೆ ಓದಿದಳು:

"ಕ್ವಾರ್ಟರ್ಸ್ ನಂಬರ್ ನಾನೂರ ಹನ್ನೆರಡು. ನಲ್ಲಿ ಇದೆ, ನೀರಿಲ್ಲ. ಬಲ್ಬ್ ಇದೆ, ಕರೆಂಟಿಲ್ಲ. ನಾನಿದ್ದೀನಿ, ಕರೆಯೋರಿಲ್ಲ."

ಪಾತ್ರೆ ತೊಳೆಯುವ ಹೆಂಗಸರು ಕೈ ನಿಲ್ಲಿಸಿ ಒಳಗೆ ಇಣುಕಿದರು. ಅವತ್ತಿನಿಂದ ಅವಳೇ ಹಾಡಿದಳು. ಸುಳ್ಳೇಕೆ ಹೇಳಲಿ, ನನಗೆ ಖುಷಿಯೂ ಆಯಿತು, ಒಳಗೊಳಗೇ ಉರಿಯೂ ಹತ್ತಿತು. ನನ್ನ ಮಾತು ನನಗಿಂತ ಅವಳ ಬಾಯಲ್ಲಿ ಚೆನ್ನಾಗಿತ್ತು.

ಆ ಲಗ್ನದ ಕಾಲದಲ್ಲಿ ಅವಳು ನಮ್ಮ ಜೊತೆ ಏಳು ಮದುವೆಗಳಲ್ಲಿ ಹಾಡಿದಳು. ಏಳನೆಯದು ನನ್ನ ಅಕ್ಕನದು. ಶಿವಮೊಗ್ಗದಲ್ಲಿ ಆ ಮುಹೂರ್ತಕ್ಕೆ ಛತ್ರ ಸಿಗದೆ ಭದ್ರಾವತಿಯಲ್ಲೇ ಮಾಡಿದ್ದೆವು. ಮಾಮನಿಗೆ ಒಂದು ಪದ್ಧತಿಯಿತ್ತು. ಮದುವೆ ಮನೆಯವರು ತಂದುಕೊಟ್ಟ ಕ್ಯಾಸೆಟ್ಟಿನಲ್ಲಿ ಮಂತ್ರ, ವಾಲಗ, ಹಿರಿಯರ ಹಾರೈಕೆಯ ಮಾತು ಎಲ್ಲವನ್ನೂ ಆಂಪ್ಲಿಫೈಯರಿನಿಂದಲೇ ನೇರವಾಗಿ ರೆಕಾರ್ಡ್ ಮಾಡುತ್ತಿದ್ದರು, ಅನೌನ್ಸ್ ಬಂದಾಗ ಮಾತ್ರ ನಿಲ್ಲಿಸುತ್ತಿದ್ದರು. ಎರಡನೇ ಬದಿಯ ಕೊನೆಯಲ್ಲಿ ಹೇಗೂ ಇಪ್ಪತ್ತು ನಿಮಿಷ ಖಾಲಿ ಉಳಿಯುತ್ತಿತ್ತು. ಅದರಲ್ಲಿ ನಮ್ಮ ಹಾಡು. ಆಮೇಲೆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಸ್ಕ್ರೂಡ್ರೈವರಿನಿಂದ ಮುರಿಯುತ್ತಿದ್ದರು. ಅವು ಮುರಿದ ಮೇಲೆ ಟೇಪ್‌ರೆಕಾರ್ಡರಿನ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. "ಇನ್ನು ಯಾರೂ ಇದನ್ನ ಅಳಿಸೋಕಾಗಲ್ಲ" ಎಂದು ಮದುವೆ ಮನೆಯವರ ಕೈಗೆ ಕೊಡುತ್ತಿದ್ದರು.

ನಮಗೂ ಒಂದು ಪ್ರತಿ ಕೊಡಿ ಎಂದು ಕೇಳಿದ್ದೆವು. ಅವರು ತಲೆಯಾಡಿಸಿದರು. "ಅವರ ಕ್ಯಾಸೆಟ್ ತಂಬಿ, ಅವರ ಮನೆಗೆ ಹೋಗ್ಬೇಕು. ಆಷಾಢ ಬರ್ಲಿ, ಮದುವೆ ಇರಲ್ಲ. ಏಳೂ ಮನೆಯಿಂದ ಇಸ್ಕೊಂಡು ಬಂದು ಎಲ್ಲಾ ಸೇರ್ಸಿ ಒಂದು ಮಾಡಿಕೊಡ್ತೀನಿ" ಎಂದರು.

ಆಷಾಢಕ್ಕೆ ಇನ್ನು ಹದಿನೈದು ದಿನವಿದ್ದಾಗ ಅವಳು ಜ್ವರ ಎಂದು ಮಲಗಿದಳು. ಅದೇ ವಾರ ಗಿಟಾರಿನವನು ಓಡೋಡಿ ಬಂದ. ಬೆಂಗಳೂರಿನಲ್ಲಿ ಯಾರೋ ಹೊಸ ತಂಡಗಳ ಹಾಡು ಒಟ್ಟು ಮಾಡಿ ಕ್ಯಾಸೆಟ್ ತರುತ್ತಾರಂತೆ, ನಮ್ಮದೂ ಒಂದು ಕಳಿಸಬಹುದಂತೆ, ಸೋಮವಾರ ಕೊನೆಯ ದಿನವಂತೆ. ಅವನು ಸಂಜೆಯ ರೈಲಿಗೇ ಹೊರಡುವವನು. ಅವತ್ತು ಊರು ಬಂದ್. ಒಂದು ಅಂಗಡಿಯೂ ತೆರೆದಿಲ್ಲ, ಖಾಲಿ ಕ್ಯಾಸೆಟ್ ಎಲ್ಲಿಂದ ತರುವುದು? ಗಿರಣಿಯೂ ಮುಚ್ಚಿದ್ದರಿಂದ ಮಹಡಿ ನಿಶ್ಶಬ್ದವಾಗಿತ್ತು. ಇಂಥ ದಿನ ಮತ್ತೆ ಸಿಗುವುದಿಲ್ಲ ಎಂದ ಡ್ರಮ್ಮಿನವನು.

ನಾನು ಮನೆಗೆ ಹೋಗಿ ಹುಡುಕಿದೆ. ಅಪ್ಪನ ಭಜನೆ ಕ್ಯಾಸೆಟ್ಟುಗಳನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಅಕ್ಕನ ಮದುವೆಯದು ಕೈಗೆ ಬಂತು. ಮುರಿದ ಚಕ್ಕೆಯ ತೂತಿನ ಮೇಲೆ ಒಂದು ತುಂಡು ಗಮ್‌ಟೇಪ್ ಅಂಟಿಸಿದರೆ ಸಾಕು, ಗುಂಡಿ ಮತ್ತೆ ಇಳಿಯುತ್ತದೆ. ಇದು ಆಗ ಎಲ್ಲ ಹುಡುಗರಿಗೂ ಗೊತ್ತಿದ್ದ ವಿದ್ಯೆ. ಮಂತ್ರ ಅಳಿಸಿದರೆ ಅಮ್ಮ ಬೈಯುತ್ತಾಳೆ, ದೊಡ್ಡಪ್ಪನ ಹಾರೈಕೆ ಅಳಿಸಿದರೆ ಅಪ್ಪ ಬೈಯುತ್ತಾರೆ. ಆದ್ದರಿಂದ ಬಹಳ ಜಾಗರೂಕತೆಯಿಂದ, ರೀಲು ಹಿಂದೆ ಮುಂದೆ ಓಡಿಸಿ, ಅವಳ ಹಾಡು ಸುರುವಾಗುವ ಜಾಗಕ್ಕೇ ತಂದು ನಿಲ್ಲಿಸಿದೆ. ಗಿರಣಿಯ ಮಹಡಿಯಲ್ಲಿ ಅದರ ಮೇಲೆ ಅದೇ ಹಾಡನ್ನು, ರೀಲು ಮುಗಿಯುವವರೆಗೂ ಮತ್ತೆ ಮತ್ತೆ, ನಾನು ಹಾಡಿದೆ.

ಅವಳು ನಾಲ್ಕು ದಿನದಲ್ಲಿ ಎದ್ದು ಬರುತ್ತಾಳೆ, ಇನ್ನೊಂದು ಮದುವೆಯಲ್ಲಿ ಹಾಡುತ್ತಾಳೆ, ಮಾಮ ಇನ್ನೊಂದು ಸಲ ರೆಕಾರ್ಡ್ ಮಾಡುತ್ತಾರೆ ಎಂದುಕೊಂಡಿದ್ದೆ. ಇದು ನಿಜ. ನನ್ನ ದನಿಯೇ ಬೆಂಗಳೂರಿಗೆ ಹೋಗಲಿ ಎಂಬ ಆಸೆಯಿತ್ತೆಂಬುದೂ ಅಷ್ಟೇ ನಿಜ.

ಒಂಬತ್ತನೇ ದಿನಕ್ಕೆ ಅವಳು ಹೋಗಿಬಿಟ್ಟಳು. ಜ್ವರ ತಲೆಗೆ ಏರಿತು ಎಂದರು... ಅವರ ಮನೆಯ ಮುಂದೆ ಹಾಕಿದ್ದ ಶಾಮಿಯಾನಕ್ಕೆ ಮೈಕ್ ಇರಲಿಲ್ಲ. ಮಾಮ ಒಂದು ಮೂಲೆಯಲ್ಲಿ ವೈರಿನ ಸುರುಳಿಯ ಮೇಲೆ ಕೂತಿದ್ದರು. ಬಂದವರೆಲ್ಲ ಪಿಸುಮಾತಿನಲ್ಲಿ ಮಾತಾಡಿ ಹೋದರು.

ನಮ್ಮ ಕ್ಯಾಸೆಟ್ಟು ಮೂರು ತಿಂಗಳಾದ ಮೇಲೆ ಅಂಚೆಯಲ್ಲಿ ವಾಪಸ್ ಬಂತು. ಒಳಗೆ ಒಂದು ಸಾಲಿನ ಕಾಗದವೂ ಇರಲಿಲ್ಲ. ಮೊದಲಿನಿಂದ ಹಾಕಿ ಕೇಳಿದವರಿಗೆ ನಮ್ಮ ದೊಡ್ಡಪ್ಪನ ಆಶೀರ್ವಾದ ಕೇಳಿಸಿರಬೇಕು. ಅದನ್ನು ಅಮ್ಮನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ತಳ್ಳಿದೆ. ಅಷ್ಟರಲ್ಲಿ ತಂಡವೂ ಇರಲಿಲ್ಲ. ಅವಳಿಲ್ಲದೆ ನುಡಿಸಲು ಯಾರಿಗೂ ಮನಸ್ಸಾಗಲಿಲ್ಲ, ಮಾಮ ಮಧ್ಯಾಹ್ನದ ಆ ಒಂದೂವರೆ ಗಂಟೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಉಳಿದ ಮೂರು ತಂಡಗಳೂ ಒಂದೊಂದಾಗಿ ಚದುರಿದವು.

ಒಂದು ಅಮಾವಾಸ್ಯೆಯ ದಿನ ಮಾಮ ದುರ್ಗಿಗುಡಿಯ ನಮ್ಮ ಮನೆಗೆ ಬಂದರು. ಮದುವೆಯಿಲ್ಲದ ದಿನವಾದ್ದರಿಂದ ಅಮಾವಾಸ್ಯೆ ಅವರಿಗೆ ರಜೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಬುಕಿಂಗ್ ಡೈರಿ ಕಂಕುಳಲ್ಲಿತ್ತು. ಏಳು ಮದುವೆ ಮನೆಗಳ ವಿಳಾಸವೂ ಅದರಲ್ಲಿತ್ತು. ಅಷ್ಟು ತಿಂಗಳೂ ಅವರು ಒಂದೊಂದೇ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ನನ್ನ ಮಗಳ ದನಿ ನಿಮ್ಮ ಕ್ಯಾಸೆಟ್ಟಿನ ಕೊನೆಯಲ್ಲಿದೆ, ಒಂದು ದಿನಕ್ಕೆ ಕೊಡಿ ಎಂದು ಕೇಳಿದ್ದರು. ಮೂರು ಮನೆಗಳಲ್ಲಿ ಕ್ಯಾಸೆಟ್ಟೇ ಸಿಕ್ಕಿರಲಿಲ್ಲ. ಒಂದರಲ್ಲಿ ರೀಲಿಗೆ ಬೂಷ್ಟು ಹಿಡಿದು ಅಂಟಿಕೊಂಡಿತ್ತು. ಒಂದರಲ್ಲಿ ಮಗು ಎಳೆದು ತುಂಡು ತುಂಡು ಮಾಡಿತ್ತು. ಇನ್ನೊಂದು ಮನೆಯವರು ಗುಬ್ಬಿ ಓಡಿಸಲು ರೀಲನ್ನು ಬಿಚ್ಚಿ ಭತ್ತದ ಗದ್ದೆಗೆ ಅಡ್ಡಡ್ಡ ಕಟ್ಟಿದ್ದರು. ಮಾಮ ಅಲ್ಲಿಗೂ ಹೋಗಿದ್ದರಂತೆ. ಗಾಳಿಗೆ ರೀಲು ಝುಂಯ್ ಎನ್ನುತ್ತಿತ್ತಂತೆ. ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಬಂದೆ ಎಂದರು.

"ಆರು ಮನೆ ಆಯ್ತು ತಂಬಿ. ಇನ್ನ ನಿಮ್ಮನೇದು ಒಂದೇ" ಎಂದರು. "ನೀನು ಹಾಡಿನ ಹುಡುಗ. ನಿಮ್ಮನೇಲಿ ಜೋಪಾನವಾಗಿರತ್ತೆ ಅಂತ ಕೊನೇಗೆ ಇಟ್ಕೊಂಡಿದ್ದೆ."

ಆಗಲೇ ಹೇಳಿಬಿಡಬೇಕಿತ್ತು. ಕಾಲಿಗೆ ಬಿದ್ದು ಹೇಳಿಬಿಡಬೇಕಿತ್ತು. "ಎಲ್ಲೋ ಇದೆ ಮಾಮ, ಹುಡುಕಿ ಇಟ್ಟಿರ್ತೀನಿ" ಎಂದೆ. ಅವರ ಮುಖ ಅರಳಿತು. ಅಮ್ಮ ಕೊಟ್ಟ ಕಾಫಿ ಕುಡಿದು, ಮುಂದಿನ ಅಮಾವಾಸ್ಯೆಗೆ ಬರುತ್ತೇನೆ ಎಂದು ಹೋದರು.

ಬಂದರು. ಅಟ್ಟದ ಮೇಲಿದೆ, ಏಣಿ ಇಲ್ಲ ಎಂದೆ. ಅದರ ಮುಂದಿನ ಅಮಾವಾಸ್ಯೆಗೂ ಬಂದರು. ಅಕ್ಕನ ಮನೆಗೆ ಹೋಗಿದೆ ಎಂದೆ. ಅಕ್ಕ ಊರಲ್ಲಿಲ್ಲ ಎಂದೆ. ಅಕ್ಕನ ನಾದಿನಿ ತೆಗೆದುಕೊಂಡು ಹೋಗಿದ್ದಾಳೆ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವರು ಪ್ರತಿ ಸಲವೂ ಅದೇ ಬಿಳಿ ಅಂಗಿ ಹಾಕಿಕೊಂಡು, ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ನಾನು ಹೇಳಿದ್ದನ್ನು ನಂಬಿ ವಾಪಸ್ ಹೋಗುತ್ತಿದ್ದರು. ಒಂದು ಸಲ ಹೊಸ ಖಾಲಿ ಕ್ಯಾಸೆಟ್ಟನ್ನೂ ತಂದಿದ್ದರು, ಸಿಕ್ಕರೆ ಅಲ್ಲೇ ಕಾಪಿ ಮಾಡಿಕೊಳ್ಳಬಹುದೆಂದು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕಿ ಕಂಡರೆ ಹೊಸ ನೆಪ ಹುಡುಕಲು ಸುರುಮಾಡುತ್ತಿದ್ದೆ. ಅವರು ಬರದಿದ್ದರೆ ಸಾಕು ಎಂದು ದೇವರಲ್ಲಿ ಕೇಳಿಕೊಂಡದ್ದೂ ಉಂಟು. ಮಗಳನ್ನು ಕಳೆದುಕೊಂಡ ಮನುಷ್ಯನನ್ನು ನಾನು ಒಂದು ವರ್ಷಕ್ಕೂ ಮೇಲೆ ಹೀಗೆ ಅಲೆದಾಡಿಸಿದೆ. ನನಗಿಂತ ನೀಚರು ಆ ಬೀದಿಯಲ್ಲಿ ಇದ್ದಿರಲಿಕ್ಕಿಲ್ಲ.

ಅಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಒಂದು ಅಮಾವಾಸ್ಯೆ ಮಾಮ ಬಂದಾಗ ಮನೆಯಲ್ಲಿ ಹಾಲಿರಲಿಲ್ಲ, ತರಲು ನಾನು ಹೊರಗೆ ಹೋಗಿದ್ದೆ. ವಾಪಸ್ ಬಂದಾಗ ಟ್ರಂಕು ಬಾಯಿ ತೆರೆದುಕೊಂಡಿತ್ತು, ಸೀರೆಗಳು ಮಂಚದ ಮೇಲಿದ್ದವು. ಅಮ್ಮ ಹೆಮ್ಮೆಯಿಂದ ನಿಂತಿದ್ದಳು. "ನೋಡ್ರೀ, ಇಷ್ಟು ದಿನ ಇಲ್ಲೇ ಇತ್ತು! ಇವನಿಗೆ ಕಣ್ಣೆದುರಿಗಿರೋದು ಯಾವತ್ತು ಕಂಡಿದೆ?" ಎನ್ನುತ್ತಿದ್ದಳು. ಕ್ಯಾಸೆಟ್ಟು ಮಾಮನ ಕೈಯಲ್ಲಿತ್ತು. ಅದರ ಮೇಲಿನ ಬರಹ ಅವರದೇ.

ಅವರು ಅದನ್ನು ತಿರುಗಿಸಿ ಬೆನ್ನು ನೋಡಿದರು. ಮೊದಲ ಬದಿಯ ತೂತು ಅವರು ಮುರಿದ ಹಾಗೆಯೇ ಇತ್ತು. ಎರಡನೇ ಬದಿಯ ತೂತಿನ ಮೇಲೆ ಹಳದಿಗಟ್ಟಿದ ಗಮ್‌ಟೇಪ್. ಮಾಮನ ಹೆಬ್ಬೆರಳು ಅದರ ಮೇಲೆ ಬಂದು ನಿಂತಿತು. ಬೇರೆಯವರಾಗಿದ್ದರೆ ಹಾಕಿ ಕೇಳಿದ ಮೇಲೆ ಗೊತ್ತಾಗುತ್ತಿತ್ತೇನೋ. ಅವರಿಗೆ ಕೇಳುವುದು ಬೇಕಾಗಲಿಲ್ಲ.

"ಟೇಪ್‌ರೆಕಾರ್ಡರ್ ತರ್ಲಾ?" ಎಂದು ಅಮ್ಮ ಕೇಳಿದಳು.

"ಬೇಡಮ್ಮ" ಎಂದರು. ಆಮೇಲೆ ಬಾಗಿಲಲ್ಲಿ ಹಾಲಿನ ಚೊಂಬು ಹಿಡಿದು ನಿಂತ ನನ್ನನ್ನು ನೋಡಿದರು. "ಯಾವತ್ತು?"

"ಊರು ಬಂದ್ ಆಗಿತ್ತಲ್ಲ ಮಾಮ... ಅವತ್ತು."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಅವತ್ತು ಸ್ವಲ್ಪ ಗಂಜಿ ಕುಡಿದ್ಲು. ನಾಡಿದ್ದು ಮದುವೆಗೆ ನಾನೂ ಬರ್ತೀನಿ ಅಂದ್ಲು" ಎಂದರು. ಕ್ಯಾಸೆಟ್ಟನ್ನು ಮಂಚದ ಮೇಲೆ ಸೀರೆಗಳ ಪಕ್ಕ ಇಟ್ಟರು. ಚಪ್ಪಲಿ ಹಾಕಿಕೊಳ್ಳುವಾಗ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು: "ಮೊದಲ್ನೇ ಅಮಾವಾಸ್ಯೆಗೇ ಹೇಳ್ಬಾರ್ದಿತ್ತಾ ತಂಬಿ? ನಾನು ಮನೇಲಿ ಅವಳಮ್ಮನಿಗೆ ಪ್ರತಿ ಸಲ, ಈ ಸಲ ಖಂಡಿತ ತರ್ತೀನಿ ಅಂತ ಹೇಳಿ ಬರ್ತಿದ್ದೆ."

ಕಾಫಿ ಕುಡಿಯಲಿಲ್ಲ. ಮತ್ತೆ ಬರಲೂ ಇಲ್ಲ.

ನಾನೇ ಹೋಗಬೇಕಿತ್ತು. ಭದ್ರಾವತಿ ಏನು ಕಾಶಿಯೇ, ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಇವತ್ತು ನಾಳೆ ಎನ್ನುತ್ತ ದೂಡಿದೆ. ನನಗೆ ಸೊಸೈಟಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಮದುವೆಗೆ ಬೇರೆ ಮೈಕ್‌ಸೆಟ್ ಹೇಳಿದೆ. ಮಾಮ ಹಾರ್ನ್‌ಗಳನ್ನೆಲ್ಲ ಗುಜರಿಗೆ ಹಾಕಿದರೆಂದು ಯಾರೋ ಹೇಳಿದರು. ಇನ್ನೂ ಕೆಲವು ವರ್ಷಗಳಾದ ಮೇಲೆ ಅವರೇ ಇಲ್ಲವೆಂದು ಇನ್ಯಾರೋ ಹೇಳಿದರು. ಆಗಲೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ನಿನ್ನೆ ಕಾಲೇಜಿನ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಶಿವಮೊಗ್ಗ ಭದ್ರಾವತಿಯಲ್ಲಿ ಹಿಂದೆ ಹೀಗೆ ನುಡಿಸುತ್ತಿದ್ದ ತಂಡಗಳ ಕಥೆಯನ್ನು ಅವರವರ ಬಾಯಿಂದಲೇ ಕೇಳಿ, ರೆಕಾರ್ಡ್ ಮಾಡಿ ಇಡುತ್ತಿದ್ದಾಳೆ. ಹನ್ನೊಂದು ಜನರನ್ನು ಮಾತಾಡಿಸಿ ಆಗಿದೆ. ಪೋಸ್ಟ್ ಪಂಕ್ ಎಂಬ ಮಾತನ್ನು ಅವಳು ಸಲೀಸಾಗಿ ಆಡುತ್ತಾಳೆ. ಫೋನನ್ನು ಟೀಪಾಯಿಯ ಮೇಲಿಟ್ಟು, "ಅಂಕಲ್, ನಿಮ್ಮ ಗಿಟಾರಿಸ್ಟ್ ಅಂಕಲ್ ಎಲ್ಲಾ ಹೇಳಿದ್ರು. ಮೈಕ್‌ಸೆಟ್‌ನವರು ಅಜಾಗರೂಕತೆಯಿಂದ ಎಲ್ಲಾ ಕ್ಯಾಸೆಟ್ ಮದುವೆ ಮನೆಯವರಿಗೆ ಹಂಚಿಬಿಟ್ರಂತೆ, ಅದಕ್ಕೇ ಒಂದೂ ಉಳಿದಿಲ್ವಂತೆ. ಹೌದಾ?" ಎಂದಳು.

ನನಗೆ ಮೈ ಉರಿಯಿತು. ಗಿಟಾರಿನವನ ಮೇಲಲ್ಲ. ಅವತ್ತು ಗಿರಣಿಯ ಮಹಡಿಯಲ್ಲಿ ಅವನೂ ಇದ್ದ, ನಿಜ. ಆದರೆ ಹಾಗೊಂದು ಮಾತು ಚಾಲ್ತಿಗೆ ಬರಲು ಬಿಟ್ಟವನು ನಾನು. ಒಂದು ಸಲ ಹೌದು ಎಂದಿದ್ದರೆ ಸಾಕಿತ್ತು, ನಾನು ಪಾರಾಗುತ್ತಿದ್ದೆ. ಇಲ್ಲಮ್ಮ ಎಂದು ಸುರುಮಾಡಿ, ಚಕ್ಕೆ, ಗಮ್‌ಟೇಪು, ಅಮಾವಾಸ್ಯೆ, ಟ್ರಂಕು ಎಲ್ಲವನ್ನೂ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಮನೆಯವಳು ಬಂದು ನಿಂತದ್ದು ಕಾಣಿಸಿತು. ಅವಳಿಗೂ ನಾನು ಇದನ್ನು ಯಾವತ್ತೂ ಹೇಳಿರಲಿಲ್ಲ. ಅಳು ಬಂತು. ಅತ್ತುಬಿಟ್ಟೆ. ಆ ಹುಡುಗಿ ನೀರು ಕೊಟ್ಟಳು.

ನಾನು ಸುಧಾರಿಸಿಕೊಂಡ ಮೇಲೆ ಅವಳು ಸಂಕೋಚದಿಂದ ಕೇಳಿದಳು. "ಅಂಕಲ್, ಮಾಮನ ಮಗಳು ಹೇಗೆ ಹಾಡ್ತಿದ್ರು ಅಂತ ಒಂಚೂರು ತೋರಿಸ್ತೀರಾ? ಸರಿಯಾಗಿ ಬರದಿದ್ರೂ ಪರವಾಗಿಲ್ಲ. ಅವರ ದನಿ ಹೇಗಿತ್ತು ಅಂತ ಹೇಳೋರು ಬೇರೆ ಯಾರೂ ಸಿಕ್ಕಿಲ್ಲ."

ಆಗಲಿ ಎಂದೆ. ಕಣ್ಣು ಮುಚ್ಚಿದೆ. ಬೇಸು ಬಂತು, ಬೆರಳು ತೊಡೆಯ ಮೇಲೆ ತಾನಾಗಿ ಓಡಿತು. ಡ್ರಮ್ಮು ಬಂತು. ಗಿಟಾರಿನವನ ಗೀರು ಕೂಡ ಬಂತು. ಅವಳು ಹಾಡಬೇಕಾದ ಜಾಗ ಬಂದಾಗ ಬಾಯಿ ತೆರೆದೆ. ಬಂದದ್ದು ನನ್ನ ದನಿ, ಆ ಬಂದ್ ದಿನ ಕ್ಯಾಸೆಟ್ಟಿನ ಮೇಲೆ ಹಾಡಿದ ಅದೇ ದನಿ. ನಿಲ್ಲಿಸಿ ಮತ್ತೆ ಸುರುಮಾಡಿದೆ. ಮತ್ತೆ ಅದೇ. ಅವಳ ಮುಖ ನೆನಪಿದೆ, ಮೈಕು ಹಿಡಿಯುತ್ತಿದ್ದ ಕೈ ನೆನಪಿದೆ. ದನಿ ಮಾತ್ರ ನನ್ನ ತಲೆಯಲ್ಲೂ ಇಲ್ಲ...

ಹುಡುಗಿ ಇನ್ನೂ ಎರಡು ನಿಮಿಷ ಕಾದಳು. ಆಮೇಲೆ ಫೋನು ತೆಗೆದುಕೊಂಡು ರೆಕಾರ್ಡಿಂಗ್ ನಿಲ್ಲಿಸಿದಳು.